ಹೃದಯಕ್ಕೆ ಎರಡು ಕೋಟು

ಚಹಾ ಸೋಸುವ ಜರಡಿ ಯಾರ ವಶದಲ್ಲಿರಬೇಕು ಎಂಬುದು ಒಂದು ಮನೆತನದ ಅಳಿವು ಉಳಿವಿನ ಪ್ರಶ್ನೆ. ಹಗುರವಾಗಿ ತೆಗೆದುಕೊಂಡವರು ಹಲ್ಲು ಕಳೆದುಕೊಳ್ಳುತ್ತಾರೆ. ಅಂದು ಬೆಳಿಗ್ಗೆ, ಮಾಂಸದಂಗಡಿಯ ಅಣ್ಣ ಒಂದು ಗುಟುಕು ಚಹಾ ಕುಡಿದವನೇ ಉಗುಳಿ, ಜರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಣ್ಣುಕಣ್ಣಿನಲ್ಲೂ ಹಸಿರು ಗಸಿ.

"ಏನೋ ಸೋಸಿದೀಯಾ ಇದ್ರಲ್ಲಿ?"

ಗ್ಯಾರೇಜಿನಲ್ಲಿ ಕಾರುಗಳ ನೆಗ್ಗು ತೆಗೆಯುವ ತಮ್ಮ ಒಲೆಯ ಮೇಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಎಲೆ."

"ಯಾರಿಗೆ?"

ಕೇಳುವ ಅಗತ್ಯವಿರಲಿಲ್ಲ. ಒಳಕೋಣೆಯಲ್ಲಿ ಅಕ್ಕ ಬೋಳುತಲೆಗೆ ಟೋಪಿ ಏರಿಸಿ ಆಸ್ಪತ್ರೆಗೆ ಸಿದ್ಧಳಾಗುತ್ತಿದ್ದಳು. ಎದೆಯ ಗಡ್ಡೆಗೆಂದು ಕೊಡುವ ಕೆಂಪು ಔಷಧಿ ಹೃದಯವನ್ನೂ ಕೆಡಿಸಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತು ಗಡ್ಡೆ, ಹೃದಯ ಎರಡನ್ನೂ ಪರೀಕ್ಷಿಸುವ ದಿನ. ಹೃದಯ ಹೇಗೆ ಕೆಡುತ್ತದೆ ಎಂದು ತಮ್ಮ ಪಟ್ಟು ಹಿಡಿದು ಕೇಳಿದಾಗ, ದಣಿದಿದ್ದ ಡಾಕ್ಟರು "ತುಕ್ಕು ಹಿಡಿದ ಹಾಗೆ ಅಂದ್ಕೊಳ್ಳಿ" ಎಂದುಬಿಟ್ಟಿದ್ದರು. ಹೇಳಬಾರದವನಿಗೆ ಹೇಳಿದ ಮಾತು. ಜಗತ್ತಿನಲ್ಲಿ ತಮ್ಮನಿಗೆ ಖಚಿತವಾಗಿ ಗೊತ್ತಿದ್ದದ್ದು ತುಕ್ಕೊಂದೇ. ತಗಡಿಗೆ ಬಣ್ಣ ಹೊಡೆಯುವ ಮೊದಲು ತುಕ್ಕು ತಡೆಯುವ ಪ್ರೈಮರ್ ಎರಡು ಕೋಟು ಹೊಡೆಯಬೇಕು. ಹೃದಯವೇನು ತಗಡಿಗಿಂತ ಹೆಚ್ಚಿನದೇ? ಹಸಿರೆಲೆಗಳಲ್ಲಿ ತುಕ್ಕು ತಡೆಯುವ ಗುಣವಿದೆ ಎಂದು ಎಲ್ಲೋ ಓದಿ, ಚೀಲಗಟ್ಟಲೆ ತಂದು, ಕುದಿಸಿ ಬತ್ತಿಸಿ, ಪ್ರತಿ ಸಲವೂ ಔಷಧಿ ಏರಿಸುವ ಮುಂಚೆ ಅಕ್ಕನಿಗೆ ಕುಡಿಸಿದ್ದ. ರಾತ್ರಿ ಒಂದು ಲೋಟ, ಬೆಳಿಗ್ಗೆ ಒಂದು. ಎರಡು ಕೋಟು.

"ಕೇಳ್ದೆ ಏನೂ ಕೊಡ್ಬೇಡಿ ಅಂದಿರ್ಲಿಲ್ವೇನೋ ಡಾಕ್ಟ್ರು? ಹೃದಯಾನ ಔಷಧಿಯಿಂದ ಕಾಯೋದು ಗಡ್ಡೇನೂ ಕಾಯ್ಬಹುದು ಅಂತ ಬಾಯ್ಬಿಟ್ಟು ಹೇಳಿದ್ರಲ್ಲೋ!"

"ಹೇಳ್ತಾರೆ. ಅಮ್ಮ ಎದೆ ಹಿಡ್ಕೊಂಡು ಬಿದ್ದಾಗ ಅವರಿದ್ರಾ? ನಾನಿದ್ದೆ."

"ಇಷ್ಟು ವರ್ಷ ದಿನಾ ಹೃದಯ ಕೊಯ್ದಿದೀನಿ. ಒಂದಕ್ಕೂ ತುಕ್ಕು ಹಿಡಿದದ್ದು ನೋಡಿಲ್ಲ."

"ನೀನು ಕೊಯ್ಯೋದು ಕುರೀದು. ಕುರಿಗೆ ಯಾರಪ್ಪಾ ಕೀಮೋ ಕೊಟ್ಟಿದ್ದು?"

ಈ ಪ್ರಶ್ನೆಗೆ ಅಣ್ಣ ಮುಷ್ಟಿಯಿಂದ ಉತ್ತರ ಕೊಟ್ಟ. ಮೂಳೆ ಕಡಿದು ಪಳಗಿದ ಕೈ. ತಮ್ಮನ ಮುಂದಿನ ಹಲ್ಲು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಬಿತ್ತು. ತಮ್ಮ ಬಾಯಿ ಒರೆಸಿಕೊಳ್ಳಲೂ ನಿಲ್ಲದೆ ಒಲೆಯ ಮೇಲಿನ ಪಾತ್ರೆಯನ್ನೇ ಬೀಸಿದ. ಕುದಿಯುವ ಹಸಿರು ಅಣ್ಣನ ಮುಂಗೈಯಿಂದ ಮೊಣಕೈವರೆಗೆ ಹರಿದು ಚರ್ಮ ಬೆಳ್ಳಗೆ ಎದ್ದಿತು. ಅಣ್ಣ ಕಿರುಚಲಿಲ್ಲ. ತಮ್ಮನ ಕೂದಲು ಹಿಡಿದು ತಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಬಾಗಿಲು ನೆಗ್ಗಿತು. ಆ ಸ್ಥಿತಿಯಲ್ಲೂ ತಮ್ಮನಿಗೆ, ಇದನ್ನು ಒಳಗಿಂದ ಬಡಿದರೆ ಸರಿಹೋಗುತ್ತದೆ ಎನ್ನಿಸಿತು. ಆಮೇಲೆ ನೆಲಕ್ಕುರುಳಿದವನ ಗಂಟಲ ಮೇಲೆ ಅಣ್ಣನ ಮೊಣಕಾಲು ಕೂತಿತು; ಏನೂ ಅನ್ನಿಸಲಿಲ್ಲ.

"ಬಿಡೋ, ಸಾಯ್ತಾನೆ!" ಅಕ್ಕ ಓಡಿಬಂದು ಅಣ್ಣನ ಅಂಗಿ ಎಳೆದಳು. ಉಸಿರಿಗಾಗಿ ತಮ್ಮ ಒದ್ದಾಡಿ ಬೀಸಿದ ಕಾಲು ಅವಳ ಎದೆಗೇ ಬಿತ್ತು. ಅವಳು ಬಾಗಿಲಿಗೆ ಬಡಿದು ಕುಸಿದಳು. ಟೋಪಿ ಹಾರಿತು.

ಇಬ್ಬರೂ ಹೊಡೆದಾಟ ನಿಲ್ಲಿಸಿದರು. ನೆಲದ ಮೇಲೆ ಹಸಿರು, ಕೆಂಪು ಒಂದಾಗಿ ಹರಿಯುತ್ತಿತ್ತು.

"ಮುಗೀತಾ?" ಅಕ್ಕ ಎದೆ ಒತ್ತಿಕೊಂಡೇ ಕೇಳಿದಳು. "ಅವನು ಕೊಟ್ಟ, ಸರಿ. ಕುಡಿದವಳು ನಾನು. ನನಗೇನು ಬಾಯಿರ್ಲಿಲ್ವಾ? ಅಮ್ಮನ ಥರ ಸಾಯೋಕೆ ನನಗೂ ಭಯ ಇತ್ತು ಕಣ್ರೋ." ಆಮೇಲೆ ಅಂದಳು: "ಮುಖ ತೊಳ್ಕೊಳ್ಳಿ. ಗಾಡಿ ಕರೀರಿ."

ಆಸ್ಪತ್ರೆಯ ನರ್ಸು ಮೂವರನ್ನೂ ಮೇಲಿಂದ ಕೆಳಗೆ ನೋಡಿ, "ಇದ್ರಲ್ಲಿ ಪೇಷೆಂಟ್ ಯಾರು?" ಎಂದಳು. ಅಕ್ಕ ಕೈ ಎತ್ತಿದಳು.

ಸಂಜೆಗೆ ಪರೀಕ್ಷೆಯ ಫಲಿತಾಂಶ ಬಂತು. ಹೃದಯಕ್ಕೆ ಏನೂ ಆಗಿರಲಿಲ್ಲ. ಗಡ್ಡೆಗೂ ಏನೂ ಆಗಿರಲಿಲ್ಲ.