ಬಾಗಿಯೂ ಸೀತುವೂ ಒಬ್ಬರೇ ಆದದ್ದು

ಮೀನು ಮಾರುವ ಬಾಗಿಗೆ ಸಿಟ್ಟು ಬರುವುದು ಹೊಸತಲ್ಲ. ಹತ್ತು ಬಂಗುಡೆ ಮುಟ್ಟಿ ನೋಡಿ ಒಂದೂ ಕೊಳ್ಳದೆ ಹೋಗುವವರ ಮೇಲೆ, ಐಸು ಕಡಿಮೆ ಹಾಕುವವನ ಮೇಲೆ, ತಡವಾದರೆ ಬೆಳಗಿನ ಬಸ್ಸಿನ ಮೇಲೂ ಬರುತ್ತದೆ, ಹತ್ತು ನಿಮಿಷದಲ್ಲಿ ಇಳಿದೂ ಹೋಗುತ್ತದೆ. ಆದರೆ ಆ ಸೋಮವಾರ ಸೊಸೆ ಚಂದನಾ ಮೊಬೈಲು ನೋಡಿ ಹೇಳಿದ್ದನ್ನು ಕೇಳಿ ಬಂದದ್ದು ಇಳಿಯುವ ಜಾತಿಯ ಸಿಟ್ಟಲ್ಲ.

ಪೇಟೆಯಲ್ಲಿ ಹೊಸ ಮೀನು ಮಾರುಕಟ್ಟೆ ಎದ್ದಿತ್ತು. ಕೂರಲು ಸಿಮೆಂಟಿನ ಕಟ್ಟೆ, ಮಳೆ ತಾಗದ ಹಾಗೆ ಮೇಲೆ ಮಾಡು, ಪಕ್ಕದಲ್ಲೇ ನಲ್ಲಿ. ಕಟ್ಟೆ ಬೇಕಾದರೆ ಹಳೆಯ ಜಾಗದವರೆಲ್ಲ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕು, ಕಾಗದ ತಂದರೆ ಮುಟ್ಟುವುದಿಲ್ಲ ಎಂದು ಕಚೇರಿಯವರು ಬೋರ್ಡು ತೂಗುಹಾಕಿದ್ದರು. ಯಾವ ಕಚೇರಿ ಎಂದು ಹೇಳಿ ಅದಕ್ಕೆ ಮರ್ಯಾದೆ ಕೊಡುವುದು ಬೇಡ. 'ಅರ್ಜಿಯನ್ನು ಕನ್ನಡದಲ್ಲೇ ತುಂಬಿ' ಎಂದು ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಅಪ್ಪಣೆಯಾಗಿತ್ತು. ಚಂದನಾ ಹಾಗೆಯೇ ತುಂಬಿದಳು. ಅತ್ತೆಯದ್ದೊಂದು, ಮೂವತ್ತು ವರ್ಷದಿಂದ ಅತ್ತೆಯ ಪಕ್ಕದಲ್ಲೇ ಬುಟ್ಟಿ ಇಳಿಸುವ ಸೀತುವಿನದ್ದೊಂದು. ಬಾಗಿ, ಗಂಡ ತಿಮ್ಮ, ಊರು ನಾವುಂದ. ಸೀತು, ಗಂಡ ಗುಡ್ಡ, ಊರು ನಾವುಂದ. ಸೀತುವಿನ ಮನೆಯ ಒಂದೇ ಮೊಬೈಲು ಗುಡ್ಡನ ಜೊತೆ ಬೋಟಿನಲ್ಲಿ ಕಡಲಿಗೆ ಹೋಗಿದ್ದರಿಂದ ಎರಡು ಅರ್ಜಿಗೂ ಚಂದನಾಳ ನಂಬರೇ ಬಿತ್ತು.

ಈಗ ಉತ್ತರ ಬಂದಿತ್ತು, ಅದೂ ಇಂಗ್ಲಿಷಿನಲ್ಲಿ. ಚಂದನಾ ಬಿಡಿಸಿ ಹೇಳಿದಳು. '???? ?????' ಎಂಬವರಿಗೆ ಹದಿನೇಳನೇ ಕಟ್ಟೆ ಮಂಜೂರು. ಅದೇ ವ್ಯಕ್ತಿ ಹಾಕಿದ ಎರಡನೇ ಅರ್ಜಿ ತಿರಸ್ಕೃತ.

"ಇದೆಂತ ಮಾರಾಯ್ತಿ? ನನ್ನ್ ಹೆಸ್ರ್ ಎಲ್ಲಿತ್ತ್?"

"ಈ ನಾಕ್ ಪ್ರಶ್ನೆ ಚಿಹ್ನೆಯೇ ನೀವ್ ಅತ್ತೆ. ಸೀತಕ್ಕನೂ ಅದೇ."

ಡಿಗ್ರಿಯಲ್ಲಿ ಕಂಪ್ಯೂಟರು ಓದಿದ ಚಂದನಾ ಬೆರಳು ಮಡಚಿ ವಿವರಿಸಿದಳು. ಎದುರಿನ ಪುಟಕ್ಕೆ ಕನ್ನಡ ಬರುತ್ತದೆ. ಹಿಂದೆ ಹೆಸರು ಕೂಡಿಡುವ ಪೆಟ್ಟಿಗೆಗೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗುರುತಿಲ್ಲ. ಗುರುತು ಸಿಗದ ಒಂದೊಂದು ತುಂಡಿಗೂ ಅದು ಒಂದೊಂದು ಪ್ರಶ್ನೆ ಚಿಹ್ನೆ ಒತ್ತುತ್ತದೆ. ಬ, ಅದರ ದೀರ್ಘ, ಗ, ಅದರ ಗುಡಿಸು: ನಾಲ್ಕು. ಸೀತುವಿಗೂ ಲೆಕ್ಕ ಮಾಡಿದರೆ ನಾಲ್ಕೇ. ಇಬ್ಬರು ಗಂಡಂದಿರಿಗೂ ಐದೈದು. ಊರು ಒಂದೇ, ನಂಬರು ಒಂದೇ. ಆಧಾರ್ ಕಾರ್ಡಿನ ಫೋಟೋ ಲಗತ್ತಾಗಿತ್ತು, ಅದನ್ನು ತೆರೆದು ನೋಡುವ ಪುಣ್ಯಾತ್ಮ ಯಾರು?

ಕನ್ನಡದಲ್ಲೇ ಬರೆಯಿರಿ ಎಂದು ಕರೆದು ಬರೆದವರನ್ನೇ ಅಳಿಸಿಹಾಕುವುದೆಂದರೆ, ಊಟಕ್ಕೆ ಕರೆದು ಎಲೆ ಎಳೆದುಕೊಂಡ ಹಾಗೆ. ಬಾಗಿಗೆ ಮೈ ಉರಿದುಹೋಯಿತು. ಸೀತುವನ್ನು ಎಬ್ಬಿಸಿಕೊಂಡು ಹತ್ತೂವರೆಗೆ ಕಚೇರಿಯಲ್ಲಿದ್ದಳು.

ಮೇಜಿನ ಹಿಂದೆ ಗುಮಾಸ್ತ ಭೋಜ. ಹೊಸಬನಲ್ಲ, ಹದಿನೈದು ವರ್ಷದಿಂದ ಬಾಗಿಯ ಹತ್ತಿರ ಬಂಗುಡೆ, ಸೀತುವಿನ ಹತ್ತಿರ ಕಾಣೆ ಮೀನು ಕೊಂಡು, ಇಬ್ಬರ ಹತ್ತಿರವೂ ಚೌಕಾಶಿ ಮಾಡಿ ಬೈಸಿಕೊಂಡವನು.

"ಕಂಪ್ಯೂಟ್ರ್ ಒಳ್ಗೆ ಒಬ್ಬ್ರೇ ಇಪ್ಪುದ್ ಬಾಗಿಯಕ್ಕ. ನಾ ಎಂತ ಮಾಡೂದ್?"

"ನಿನ್ನ್ ಎದ್ರಿಗೆ ಎಷ್ಟ್ ಜನ ಇತ್ತ್?"

"ಇಬ್ಬ್ರ್."

"ಮತ್ತೆ?"

ಭೋಜ ಕತ್ತು ತುರಿಸಿಕೊಂಡ. "ಎರಡ್ನೇ ಅರ್ಜಿ ತಪ್ಪಿ ಹಾಕಿದ್ದ್ ಅಂದೇಳಿ ಒಬ್ಬ್ರ್ ಬರ್ದ್ ಕೊಡಿ. ಒಂದ್ ಕಟ್ಟೆ ಆದ್ರೂ ಉಳಿತ್ತ್."

ಮೊಣಕಾಲು ಹಿಡಿದು ಬೆಂಚಿನಲ್ಲಿ ಕೂತಿದ್ದ ಸೀತು ಮೆಲ್ಲಗೆ ಹೇಳಿದಳು, "ನೀನೇ ಕೂಕೋ ಬಾಗಿ. ನಾನ್ ಮನಿ ಮನಿಗ್ ಹೊತ್ಕಂಡ್ ಹೋತೆ."

ಬಸ್ಸಿನ ಮೆಟ್ಟಿಲು ಹತ್ತಲು ಇನ್ನೊಬ್ಬರ ಕೈ ಬೇಕಾದವಳು ಮನೆ ಮನೆಗೆ ಬುಟ್ಟಿ ಹೊರುತ್ತಾಳಂತೆ. ಬಾಗಿ ಮೇಜಿನ ಮೇಲೆ ಕೈ ಊರಿದಳು. "ನಾ ಬರ್ದ್ ಕೊಡೂದಿಲ್ಲ" ಎಂದಳು. "ಸೀತು ಇಲ್ಲೆ ಅಂದೇಳಿ ನನ್ನ್ ಕೈಯಿಂದ ಬರ್ಸುಕೆ ನೀ ಯಾರ್?"

ಸುತ್ತಲಿನವರು ತಿರುಗಿ ನೋಡತೊಡಗಿದ ಮೇಲೆ ಭೋಜನಿಗೆ ತಿದ್ದುಪಡಿ ಎಂಬ ಒಂದು ಬಾಗಿಲು ನೆನಪಾಯಿತು. ಅದಕ್ಕೂ ನಿಯಮವಿತ್ತು. ಅರ್ಜಿದಾರರು ಎದುರು ನಿಂತು ಸ್ವಂತ ಬಾಯಲ್ಲಿ ವಿವರ ಹೇಳಬೇಕು.

"ಹೆಸ್ರ್?"

"ಸೀತು."

"ಗಂಡ್ನ್ ಹೆಸ್ರ್?"

ಸೀತು ಬಾಗಿಯ ಮುಖ ನೋಡಿದಳು. ಅವರಲ್ಲಿ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ; ತಂದರೆ ಅವನ ಆಯುಷ್ಯಕ್ಕೆ ಕುತ್ತು. ಗಂಡ ಕಡಲಿನಲ್ಲಿರುವಾಗಲಂತೂ ಕನಸಿನಲ್ಲೂ ಹೇಳುವ ಮಾತಿಲ್ಲ. ಗುಡ್ಡ ಬೋಟು ಹತ್ತಿ ಆರು ದಿನವಾಗಿತ್ತು. ರೇಷನ್ ಅಂಗಡಿಯಿರಲಿ, ಆಸ್ಪತ್ರೆಯಿರಲಿ, ಸೀತುವಿನ ಗಂಡನ ಹೆಸರು ಬಾಗಿ ಹೇಳುತ್ತಾಳೆ, ಬಾಗಿಯ ಗಂಡನ ಹೆಸರು ಸೀತು ಹೇಳುತ್ತಾಳೆ. ಇಷ್ಟು ವರ್ಷ ಹಾಗೇ ನಡೆದಿತ್ತು.

"ಗುಡ್ಡ" ಎಂದಳು ಬಾಗಿ.

"ನಿಮ್ಮನ್ನ್ ಕೇಂಡದ್ದಲ್ಲ. ಅವ್ರೇ ಹೇಳ್ಕ್."

"ನಿನ್ನ್ ಅಬ್ಬಿ ಒಂದ್ ದಿನ ಹೇಳಿತ್ತಾ?"

ಭೋಜನ ಕಿವಿ ಕೆಂಪಾಯಿತು. ಅವನ ತಾಯಿಯೂ ಹೇಳಿದವಳಲ್ಲ. ಆದರೂ ಅವನು ಪರದೆ ಬಿಟ್ಟು ಕಣ್ಣೆತ್ತದೆ, ಒಂದೊಂದೇ ಅಕ್ಷರ ಒತ್ತುತ್ತ, ತಾನು ಬರೆಯುವುದನ್ನು ಗಟ್ಟಿಯಾಗಿ ಓದಿದ: "ಅರ್ಜಿದಾರರಿಗೆ... ಗಂಡನ ಹೆಸರು... ಗೊತ್ತಿಲ್ಲ."

ಸೀತು ಬೆಂಚಿನಿಂದ ಎದ್ದಳು. ಮೂವತ್ತೈದು ವರ್ಷ ಜೊತೆಗೆ ಬಾಳಿದವನ ಹೆಸರು ಗೊತ್ತಿಲ್ಲವಂತೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ನೆಲ ನೋಡುತ್ತ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಗುಡ್ಡ."

ಭೋಜ ಬರೆದದ್ದನ್ನು ಅಳಿಸಿ, ಗುಡ್ಡ ಎಂದು ಒತ್ತಿ, ಉಳಿಸು ಎಂಬಲ್ಲಿ ತಟ್ಟಿದ. ಪುಟ ಒಂದು ಸುತ್ತು ತಿರುಗಿ ಮರಳಿ ಬಂತು.

ಬಾಗಿ ಮೇಜು ಸುತ್ತಿ ಹೋಗಿ ನೋಡಿದಳು. ಓದಲು ಬಾರದವಳಿಗೂ ಗೊತ್ತಾಗುವ ಹಾಗಿತ್ತು. ಐದು ಪ್ರಶ್ನೆ ಚಿಹ್ನೆ, ಬೆನ್ನು ಬಾಗಿಸಿ ಸಾಲಾಗಿ ನಿಂತಿದ್ದವು.

"ಓದ್" ಎಂದಳು. ಕೂಗಲಿಲ್ಲ. "ಸೀತು ಈಗ ಬಾಯ್ ಬಿಟ್ಟ್ ಹೇಳಿದ್ದ್ ಎಂತ, ಓದ್ ಕಾಂಬ."

ಭೋಜ ಕಂಪ್ಯೂಟರನ್ನು ಅತ್ತ ಸರಿಸಿ, ಕಾಗದ ಮುಟ್ಟುವುದಿಲ್ಲ ಎಂದು ಬೋರ್ಡು ಹಾಕಿದ ಕಚೇರಿಯಲ್ಲಿ ಒಂದು ಬಿಳಿ ಹಾಳೆ ಹುಡುಕಿ ತೆಗೆದ. ಬಾಗಿ, ಸೀತು ಬೇರೆ ಬೇರೆ ಹೆಂಗಸರು, ಇಬ್ಬರನ್ನೂ ನಾನೇ ಖುದ್ದು ಬಲ್ಲೆ ಎಂದು ಬರೆದು, ರುಜು ಹಾಕಿ, ಮೊಹರು ಒತ್ತಿ, ಹದಿನೆಂಟನೇ ಕಟ್ಟೆ ಸೀತುವಿಗೆ ಎಂದು ಬರೆದುಕೊಟ್ಟ. ಐದು ನಿಮಿಷವೂ ಹಿಡಿಯಲಿಲ್ಲ. ಬಾಗಿಗೆ ಇನ್ನಷ್ಟು ಉರಿದದ್ದು ಅದಕ್ಕೇ. ಈ ಐದು ನಿಮಿಷ ಮೊದಲೇ ಕೊಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಹೊರಗೆ ನಾವುಂದದ ಬಸ್ಸು ನಿಂತಿತ್ತು. ಬಾಗಿ ಹತ್ತಿಸಲು ಕೈ ಚಾಚಿದಳು. ಸೀತು ಹಿಡಿಯಲಿಲ್ಲ; ಮಡಚಿದ ಹಾಳೆಯನ್ನು ಅವಳ ಕೈಗೇ ಇಟ್ಟಳು.

"ನಾ ಕಡ್ಲ್ ಬದಿಗ್ ಹೋತೆ. ಬೋಟ್ ಬಪ್ಪಲ್ಲಿವರಿಗೂ ಅಲ್ಲೇ ಕೂಕಂತೆ."

ಕುಂಟುತ್ತ ಹೊರಟವಳ ಹಿಂದೆ ಬಾಗಿಯೂ ನಡೆದಳು. ಬಸ್ಸು ಹೋಯಿತು. ದಾರಿಯುದ್ದಕ್ಕೂ ಸೀತು ಬಾಯಿಗೆ ಸೆರಗು ಒತ್ತಿ ಹಿಡಿದೇ ಇದ್ದಳು.