ಹದಿನೆಂಟಡಿ ಹಗ್ಗ

ಮುಳಬಾಗಿಲಿನ ಗರಡಿಮನೆಯ ಕರಿಗುಂಡನ್ನು ಹೆಗಲಿಗೇರಿಸುವ ಗಂಡಸು ಸುತ್ತ ಮೂರು ತಾಲ್ಲೂಕಿನಲ್ಲಿ ಗಂಗುಲಪ್ಪ ಒಬ್ಬನೇ. ಅಂಥವನು ಹೋದ ವರ್ಷ ಕೋಲಾರದ ಮೈದಾನದಲ್ಲಿ ಒಂದೇ ಒಂದು ಮೈಲಿ ಓಡಲಾರದೆ, ಮೂರನೇ ಸುತ್ತಿಗೆ ಸೊಂಟ ಹಿಡಿದುಕೊಂಡು ಕೂತುಬಿಟ್ಟ. ಕಡ್ಡಿಯಂಥವರೆಲ್ಲ ಅವನ ಮುಖಕ್ಕೆ ಧೂಳೆಬ್ಬಿಸಿಕೊಂಡು ಮುಂದೆ ಹೋದರು. ಮಾಲೂರಿನ ಸ್ಕೂಲಿನ ಡ್ರಿಲ್ ಮೇಷ್ಟ್ರ ಕೆಲಸವೂ ಆ ಧೂಳಿನ ಜೊತೆಗೇ ಹೋಯಿತು.

ಈ ವರ್ಷ ಶ್ರೀನಿವಾಸಪುರದ ಸ್ಕೂಲಿನಲ್ಲಿ ಜಾಗ ಖಾಲಿಯಾಯಿತು. ಅಲ್ಲಿದ್ದ ಮೇಷ್ಟ್ರು ಯುದ್ಧಕ್ಕೆ ಹೆಸರು ಕೊಟ್ಟು ಹೊರಟುಹೋಗಿದ್ದರು. ಪರೀಕ್ಷೆ ಅದೇ ಕೋಲಾರದಲ್ಲಿ, ಅವೇ ನಾಲ್ಕು: ಏಳು ನಿಮಿಷದೊಳಗೆ ಒಂದು ಮೈಲಿ ಓಟ, ಹದಿನಾಲ್ಕು ಅಡಿ ಜಿಗಿತ, ರಾಗಿಮೂಟೆ ಹೊತ್ತು ನೂರು ಹೆಜ್ಜೆ ನಡಿಗೆ, ಕೊನೆಗೆ ಹದಿನೆಂಟಡಿ ಹಗ್ಗ ಹತ್ತಿ ಮೇಲಿನ ತೊಲೆ ಮುಟ್ಟುವುದು. ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರನ್ನು ಯಾರೂ ಕೇಳುವುದಿಲ್ಲ. ಇಪ್ಪತ್ತಾರು ತುಂಬಿದವರು ಅರ್ಜಿ ಹಾಕುವ ಹಾಗಿಲ್ಲ. ಗಂಗುಲಪ್ಪನಿಗೆ ಬರುವ ಯುಗಾದಿಗೆ ಇಪ್ಪತ್ತಾರು. ಅಂದರೆ ಇದೇ ಕೊನೆ.

ಉಸ್ತಾದ್ ಪೆದ್ದಪ್ಪನವರು ವಿಷಯ ಕೇಳಿ ತೊಡೆ ತಟ್ಟಿಕೊಂಡು ನಕ್ಕರು. ಹದಿಮೂರನೇ ವಯಸ್ಸಿನಿಂದ ಗಂಗುಲಪ್ಪನನ್ನು ಮಣ್ಣಿನಲ್ಲಿ ಹೊರಳಿಸಿ ಪೈಲ್ವಾನ್ ಮಾಡಿದವರು ಅವರು.

"ಓಡೋದಾ? ಪೈಲ್ವಾನ್ ಯಾಕ್ಲಾ ಓಡ್ಬೇಕು? ಯಾರಾದ್ರೂ ಅಟ್ಟಿಸ್ಕೊಂಡು ಬರ್ತವ್ರಾ?"

"ಮಕ್ಳಿಗೆ ಹೇಳ್ಕೊಡೋ ಕೆಲ್ಸ ಉಸ್ತಾದ್ರೇ. ಎಲ್ಲಾನೂ ಬರ್ಬೇಕಂತೆ."

"ಎಲ್ಲಾನೂ ಬರ್ಬೇಕು ಅಂದ್ರೆ ಒಂದು ಕೋತಿ ಇಟ್ಕೊಳ್ಳಿ ಅನ್ನು. ಓಡ್ತದೆ, ನೆಗೀತದೆ, ಹಗ್ಗಾನೂ ಹತ್ತುತದೆ. ಸಂಬಳಾನೂ ಕೇಳಲ್ಲ!"

ಗರಡಿಯೆಲ್ಲ ನಕ್ಕಿತು. ಗಂಗುಲಪ್ಪನೂ ಹಲ್ಲು ಬಿಟ್ಟ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಅವನು ಚನ್ನರಾಯಪ್ಪನ ಮುಂದೆ ಹೋಗಿ ನಿಂತ. ಚನ್ನರಾಯಪ್ಪ ಟಪ್ಪಾಲಿನ ಆಳು. ಹೆಗಲಿಗೆ ಕಾಗದದ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ, ದಿನಾ ಮುಳಬಾಗಿಲಿನಿಂದ ಬೈರಕೂರಿಗೆ ಓಟ. ವಯಸ್ಸು ಐವತ್ತರ ಹತ್ತಿರ, ಮೈಮೇಲೆ ಹಿಡಿ ಮಾಂಸವಿಲ್ಲ.

"ಚನ್ನರಾಯಣ್ಣ, ನಿನ್ ಜೊತೆ ನಾನೂ ಓಡ್ತೀನಿ."

"ಬಾ. ಆದ್ರೆ ನಾನು ನಿಲ್ಲಲ್ಲ ನೋಡು. ಸರ್ಕಾರದ ಚೀಲ."

ಅರ್ಧ ಮೈಲಿಗೇ ಗಂಗುಲಪ್ಪ ಮಾವಿನ ಮರವೊಂದನ್ನು ತಬ್ಬಿಕೊಂಡು ನಿಂತ. ಗೆಜ್ಜೆ ಸದ್ದು ದೂರವಾಗುತ್ತ ಹೋಯಿತು. ಅದರ ಹಿಂದೆಯೇ ಗಾಳಿಯಲ್ಲಿ ಚನ್ನರಾಯಪ್ಪನ ಕೂಗು ಬಂತು.

"ಏಂ ನಾಯನಾ, ಅಷ್ಟು ದೊಡ್ಡ ಎದೆ ಒಳಗೆ ಉಸ್ರು ಇಟ್ಟಿದ್ದೀಯೋ, ಬರೀ ತುಪ್ಪ ತುಂಬಿದ್ದೀಯೋ?"

ಮೂರು ತಿಂಗಳು ಹೀಗೇ ನಡೆಯಿತು. ಮೊದಲು ಮಾವಿನ ಮರದವರೆಗೆ, ಆಮೇಲೆ ಕೆರೆ ಏರಿವರೆಗೆ, ಆಮೇಲೆ ಅದರಾಚೆಗೆ. ಕುಸ್ತಿಯವರ ಅಭ್ಯಾಸದಂತೆ ಅವನು ಭುಜ ಬಿಗಿಹಿಡಿದೇ ಓಡುತ್ತಿದ್ದ. "ಹೆಗ್ಲು ಇಳ್ಸೋ! ಗುಂಡು ಗರಡೀಲೇ ಐತೆ, ಇಲ್ಲಿಲ್ಲ!" ಎಂದು ಚನ್ನರಾಯಪ್ಪ ಈಟಿಯ ಹಿಡಿಯಿಂದ ಬೆನ್ನಿಗೆ ತಿವಿಯುತ್ತಿದ್ದ. ಗಂಗುಲಪ್ಪ ತುಪ್ಪ ಬಿಟ್ಟ, ಬಾದಾಮಿ ಹಾಲು ಬಿಟ್ಟ. ಅವನ ತಾಯಿ ದೊಡ್ಡಗಂಗಮ್ಮ ಅಂಗಳದಲ್ಲಿ ನಿಂತು, "ಆ ಬೈರಕೂರು ರಸ್ತೆ ನನ್ ಮಗನ್ನ ಕುಡ್ದ್ಬಿಡ್ತಾ ಅದೆ ಕಣ್ರಮ್ಮೋ!" ಎಂದು ಅಕ್ಕಪಕ್ಕದವರಿಗೆಲ್ಲ ಸಾರಿದಳು.

ಉಸಿರು ಬಂತು. ಆದರೆ ಒಂದು ದಿನ ಗರಡಿಯಲ್ಲಿ ಕರಿಗುಂಡು ಎದೆಯವರೆಗೆ ಬಂದು ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೊನೆಗೆ ಧೊಪ್ಪೆಂದು ಕೆಮ್ಮಣ್ಣಿಗೆ ಬಿತ್ತು. ಯಾರೂ ನಗಲಿಲ್ಲ.

"ಟಪ್ಪಾಲಿನವನ ಹಿಂದೆ ಓಡ್ತೀಯಂತೆ," ಎಂದರು ಉಸ್ತಾದರು.

"ಹೂಂ."

"ಹನ್ನೆರಡು ವರ್ಷ ನಾನು ಕಟ್ಟಿದ ಮೈ. ಮೂರು ತಿಂಗ್ಳಲ್ಲಿ ರಸ್ತೆಗೆ ಸುರ್ದುಬಿಟ್ಟೆ. ಇನ್ಮೇಲೆ ಅವನ್ನೇ ಉಸ್ತಾದ್ ಅನ್ನು."

ಆಮೇಲೆ ಅವರು ಇವನ ಕಡೆ ತಿರುಗಲಿಲ್ಲ. ಗಂಗುಲಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಅವರ ಮೇಲಲ್ಲ, ತನ್ನ ಮೈಮೇಲೆ. ಈ ಮೈಯೆಂಬುದು ಭಾಗವಾಗದೆ ಒಂದೇ ಮನೆಯಲ್ಲಿರುವ ಜಗಳಗಂಟ ಅಣ್ಣತಮ್ಮಂದಿರ ಹಾಗೆ. ಕಾಲಿಗೆ ಒಂದು ತುತ್ತು ಹೆಚ್ಚು ಕೊಟ್ಟರೆ ತೋಳು ಮುನಿಸಿಕೊಳ್ಳುತ್ತದೆ, ತೋಳನ್ನು ಸಮಾಧಾನ ಮಾಡಿದರೆ ಎದೆ ಏದುತ್ತದೆ. ಗುಂಡು ಎತ್ತುವುದು ಕಷ್ಟ, ಮೈಲಿ ಓಡುವುದೂ ಕಷ್ಟ. ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳುವಷ್ಟು ಕಷ್ಟ ಅವನು ಯಾವ ಕುಸ್ತಿಯಲ್ಲೂ ಕಂಡಿರಲಿಲ್ಲ. ಇಳಿದ ತೂಕದಿಂದ ಒಂದು ಲಾಭವಿತ್ತು. ಹಿತ್ತಲ ಹುಣಸೆಮರಕ್ಕೆ ಬಾವಿಹಗ್ಗ ಕಟ್ಟಿ, ಇಳಿದು ಮತ್ತೆ ಹತ್ತಿ, ಉಸಿರು ಎಳೆದುಕೊಳ್ಳಲೂ ನಿಲ್ಲದೆ ಎರಡು ಸಲ ಕೊಂಬೆ ಮುಟ್ಟುತ್ತಿದ್ದ. ಹಗ್ಗದ ಬಗ್ಗೆ ಅವನಿಗೆ ಚೂರೂ ಹೆದರಿಕೆಯಿರಲಿಲ್ಲ.

ಪರೀಕ್ಷೆಗೆ ಬಂದವರು ಹನ್ನೊಂದು ಜನ. ಸೀಟಿ ಊದಿದ ಕನ್ನಡಕದ ಆಫೀಸರು ಇವನನ್ನು ದಿಟ್ಟಿಸಿ, "ಹೋದ ವರ್ಷ ಕೂತ್ಕೊಂಡ್ರಲ್ಲ, ಅವರೇ ಅಲ್ವಾ ನೀವು?" ಎಂದರು. ಗಂಗುಲಪ್ಪ ಓಡಿದ. ಕಿವಿಯೊಳಗೆ ಚನ್ನರಾಯಪ್ಪನ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಆರು ನಿಮಿಷ ಐವತ್ತು ಸೆಕೆಂಡು! ಜಿಗಿತ ಮೊದಲ ಸಲ ತಪ್ಪಿತು, ಎರಡನೇ ಸಲ ಗೆರೆ ದಾಟಿ ಎರಡು ಬೆರಳು ಮುಂದೆ ಬಿದ್ದ. ರಾಗಿಮೂಟೆಯನ್ನು ತವರಿನಿಂದ ಮಗು ಎತ್ತಿಕೊಂಡು ಬರುವವಳ ಹಾಗೆ ಹೊತ್ತು ನಡೆದ. ಮಧ್ಯಾಹ್ನದ ಹೊತ್ತಿಗೆ ಉಳಿದವರು ಮೂವರು.

"ಇನ್ನು ಹಗ್ಗ ಒಂದೇ. ಊಟ ಮುಗ್ಸಿ ಬನ್ನಿ," ಎಂದರು ಆಫೀಸರು.

ಬೇವಿನ ಮರದ ನೆರಳಿನಲ್ಲಿ ಅವನು ರೊಟ್ಟಿ ಬಿಚ್ಚುವಷ್ಟರಲ್ಲಿ ಉಸ್ತಾದರು ಬಂದರು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುವ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತ್ತಂತೆ. ಬಸ್ಸು ತಳ್ಳಿ ತಳ್ಳಿ ಮುಖವೆಲ್ಲ ಮಸಿ. ಕೈಯಲ್ಲಿ ಎಣ್ಣೆಯ ಗಿಂಡಿ.

"ಮೂರು ಗೆದ್ದೆಯಂತಲ್ಲೋ," ಎಂದರು. "ಹೋದ್ಸಲ ನಾನು ಬರ್ಲಿಲ್ಲ. ಅದ್ಕೇ ನೀನು ಸೋತೆ. ನನ್ದೇ ತಪ್ಪು. ಕೂತ್ಕೋ."

ಅಖಾಡಕ್ಕಿಳಿಯುವ ದಿನ ಉಸ್ತಾದರು ತಮ್ಮ ಕೈಯಾರೆ ಎಣ್ಣೆ ತಿಕ್ಕದೆ ಆ ಗರಡಿಯ ಯಾವ ಪೈಲ್ವಾನನೂ ಹೊರಟದ್ದಿಲ್ಲ. ಬೇಡವೆಂದವನೂ ಇಲ್ಲ. ಅವರ ಮಟ್ಟಿಗೆ ಅದು ಆಶೀರ್ವಾದ.

"ಉಸ್ತಾದ್ರೇ, ಈಗ ಹಗ್ಗ..."

"ಮಾತಾಡ್ಬೇಡ. ಉಸ್ರು ಉಳ್ಸ್ಕೋ."

ಎಣ್ಣೆ ಬೇಡ, ಜಾರುತ್ತದೆ: ಇಷ್ಟು ಹೇಳಿದ್ದರೆ ಸಾಕಾಗಿತ್ತು. ಗಂಗುಲಪ್ಪನ ನಾಲಿಗೆ ಏಳಲಿಲ್ಲ. ಒಂದು ತಿಂಗಳಿಂದ ತನ್ನನ್ನು ನೋಡದ ಮನುಷ್ಯ ಮಂಡಿಯೂರಿ ತನ್ನ ಮೀನಖಂಡ ತಿಕ್ಕುತ್ತಿದ್ದಾರೆ. ತೋಳು, ಬೆನ್ನು, ತೊಡೆ, ಪಾದ, ಒಂದನ್ನೂ ಬಿಡಲಿಲ್ಲ. ಗಿಂಡಿ ಖಾಲಿಯಾಯಿತು.

ಅವರು ನೀರು ಕುಡಿಯಲು ಅತ್ತ ಹೋಗುತ್ತಲೇ ಅವನು ಟವಲಿನಿಂದ ಒರೆಸಿಕೊಂಡ, ಅಂಗೈಗೆ ಮರಳು ತಿಕ್ಕಿದ, ತೊಡೆಗೆ ಧೂಳು ಬಡಿದುಕೊಂಡ. ಅಷ್ಟು ಹೊತ್ತು ಇಳಿದ ಎಣ್ಣೆ ಮರಳಿಗೆ ಬಗ್ಗುತ್ತದೆಯೇ? ಸೀಟಿ ಕೇಳಿಸಿತು.

ಅರ್ಧದವರೆಗೆ ತೋಳಿನ ಬಲದಿಂದಲೇ ಹೋದ. ಆಮೇಲೆ ಕಾಲು ಹಿಡಿಯಬೇಕು, ಹಿಡಿಯಲಿಲ್ಲ. ಎರಡು ಕೈ ಮೇಲೆ ಹೋದರೆ ಒಂದು ಕೈ ಕೆಳಗೆ ಜಾರಿದ. ಬೆವರು ಎಣ್ಣೆಯ ಜೊತೆ ಸೇರಿ ಅಂಗೈಗೆ ಇಳಿಯಿತು. ತೊಲೆ ಗೇಣು ದೂರದಲ್ಲಿತ್ತು. ಅದರ ಮೇಲೆ ಕೂತಿದ್ದ ಇರುವೆಯೂ ಕಾಣುತ್ತಿತ್ತು. ಕೈ ಚಾಚಿದ.

ಮರಳಿಗೆ ಬಿದ್ದಾಗ ಅಂಗೈಯ ಚರ್ಮ ಎರಡು ಕಡೆ ಸುಲಿದಿತ್ತು.

"ಇನ್ನೊಂದ್ಸಲ ಸ್ವಾಮಿ. ಬಟ್ಟೇಲಿ ಒರೆಸ್ಕೊಂಡು ಒಂದೇ ಸಲ..."

"ಹಗ್ಗಕ್ಕೆ ಒಂದೇ ಅವಕಾಶ." ಆಫೀಸರು ಹಗ್ಗ ಮುಟ್ಟಿ ಬೆರಳು ಉಜ್ಜಿ ನೋಡಿದರು. "ಏನ್ರೀ ಇದು, ಎಣ್ಣೆ? ಎಣ್ಣೆ ಹಚ್ಕೊಂಡು ಹಗ್ಗ ಹತ್ತೋರನ್ನ ಇದೇ ಮೊದ್ಲು ನೋಡಿದ್ದು. ಯಾರು ಹೇಳ್ಕೊಟ್ಟಿದ್ದು?"

ಬೇವಿನ ಮರದ ಕೆಳಗೆ ಉಸ್ತಾದರು ಖಾಲಿ ಗಿಂಡಿ ಹಿಡಿದು ನಿಂತಿದ್ದರು.

"ಯಾರೂ ಇಲ್ಲ. ನಾನೇ ಹಚ್ಕೊಂಡೆ."

ವಾಪಸು ಬರುವಾಗ ಬಸ್ಸಿನಲ್ಲಿ ಉಸ್ತಾದರ ಬಾಯಿಗೆ ಬಿಡುವಿರಲಿಲ್ಲ. ಹಗ್ಗ ಸರಿಯಿರಲಿಲ್ಲ, ನೇತುಹಾಕಿದ್ದೇ ಸರಿಯಿರಲಿಲ್ಲ, ಆಫೀಸರ ಕಣ್ಣೇ ಸರಿಯಿರಲಿಲ್ಲ. ಗಂಗುಲಪ್ಪ ಉರಿಯುವ ಅಂಗೈ ಮುಚ್ಚಿಕೊಂಡು ಕೂತಿದ್ದ. ದಿನ್ನೆಯೊಂದರಲ್ಲಿ ಬಸ್ಸು ನಿಂತಿತು. ಗಂಡಸರೆಲ್ಲ ತಳ್ಳಲು ಇಳಿದು ಹಿಂದಕ್ಕೆ ಬಂದರು.

"ಆ ಹಗ್ಗ ಮಾಡಿದೋನ ಕೈ ಸೇದೋಗ..."

"ಎಣ್ಣೆ ಉಸ್ತಾದ್ರೇ!" ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಂಗುಲಪ್ಪನ ದನಿ ಏರಿತು. "ಹಗ್ಗ ಅಲ್ಲ, ಎಣ್ಣೆ! ಎಣ್ಣೆಯಿಂದ ಜಾರ್ದೆ!"

ಉಸ್ತಾದರು ಅವನ ಕಡೆ ತಿರುಗಿದರು.

"ಮತ್ತೆ ಯಾಕ್ಲಾ ಹೇಳ್ಲಿಲ್ಲ?"

ಗಂಗುಲಪ್ಪ ತಿರುಗಿ ಬಸ್ಸಿಗೆ ಭುಜ ಕೊಟ್ಟ.

ಉಸ್ತಾದರೂ ಪಕ್ಕಕ್ಕೆ ಬಂದು ತಗಡಿನ ಮೇಲೆ ಕೈಯಿಟ್ಟು ತಳ್ಳಿದರು. ಕೈ ಜಾರಿತು. ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಜಾರಿತು. ಆಗ ಅವರು ಅಂಗೈಯನ್ನು ಕಣ್ಣ ಹತ್ತಿರ ತಂದು ನೋಡಿಕೊಂಡರು. ಗಂಗುಲಪ್ಪ ಅದನ್ನು ಕಂಡೂ ಕಾಣದವನ ಹಾಗೆ, ಹಲ್ಲು ಕಚ್ಚಿ, ಒಬ್ಬನೇ ಎಂಬಂತೆ ಬಸ್ಸು ತಳ್ಳಿದ.