ಮೂರು ಕಡೆ ಇಟ್ಟ ಮುಖಗಳು

ಮಸ್ಕಿಯ ಸುತ್ತಲಿನ ಊರುಗಳಲ್ಲಿ ಯಾರದಾದರೂ ಪಾಸ್‌ಬುಕ್ಕನ್ನೋ ಪಿಂಚಣಿಯ ಅರ್ಜಿಯನ್ನೋ ತೆರೆದು ನೋಡಿ, ಅಲ್ಲಿ ಅಂಟಿಸಿದ ಚಿಕ್ಕ ಚಿತ್ರದಲ್ಲಿರುವವರು ಇನ್ನೇನು ಒಂದು ಮಾತಿಗೆ ಉತ್ತರ ಹೇಳಲಿದ್ದಾರೆ ಎಂಬಂತೆ ಕಾಣುತ್ತಾರೆ. ತುಟಿ ಬಿಚ್ಚಿರುವುದಿಲ್ಲ, ಬಿಗಿದಿರುವುದೂ ಇಲ್ಲ. ಕಣ್ಣು ಕ್ಯಾಮೆರಾವನ್ನು ಮರೆತು ಎದುರಿಗೆ ನಿಂತವರನ್ನು ನೋಡುತ್ತಿರುತ್ತದೆ. ಬಳಗಾನೂರಿನ ಕೂಲಿಯವನ ಮುಖದಲ್ಲೂ ತುರ್ವಿಹಾಳದ ದೊಡ್ಡ ರೈತನ ಮುಖದಲ್ಲೂ ಇದೇ ಭಾವ. ಸರ್ಕಾರಿ ಕಾಗದದ ಮೇಲೆ ಮನುಷ್ಯ ಮನುಷ್ಯನಂತೆಯೇ ಕಾಣುವ ಈ ಅಪರೂಪಕ್ಕೆ ಕಾರಣ ಹಸೀನಾಬೀ. ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಫೋಟೊ ಸ್ಟುಡಿಯೊ ಇದೆ. ಅವರು ಯಾರಿಗೂ ನಗಲು ಹೇಳುವುದಿಲ್ಲ, ಗದ್ದ ಎತ್ತಲು ಹೇಳುವುದಿಲ್ಲ. ಎಲ್ಲ ಸಿದ್ಧವಾದ ಮೇಲೆ, ನೆರೆಮನೆಯವರನ್ನು ವಿಚಾರಿಸುವ ದನಿಯಲ್ಲಿ, "ಇವತ್ತ ಊಟಕ್ಕ ಏನ್ ಮಾಡೀರಿ?" ಎಂದು ಕೇಳುತ್ತಾರೆ. ಕುಳಿತವರು ಉತ್ತರ ನೆನಪಿಸಿಕೊಳ್ಳುವಷ್ಟರಲ್ಲಿ ಚಿತ್ರ ಆಗಿಹೋಗಿರುತ್ತದೆ.

ವಯಸ್ಸು ಅರವತ್ತರ ಹತ್ತಿರ. ಕ್ಯಾಮೆರಾದ ಚೀಲವನ್ನು ಹೊತ್ತು ಹೊತ್ತು ಬಲ ಹೆಗಲು ತುಸು ಮೇಲೆದ್ದೇ ನಿಂತುಬಿಟ್ಟಿದೆ. ಚೀಲವಿಲ್ಲದೆ ಸಂತೆಗೆ ಹೊರಟಾಗಲೂ ಅದೃಶ್ಯವಾದ ಚೀಲವೊಂದು ಜಾರದಂತೆ ಕಾಪಾಡಿಕೊಂಡೇ ನಡೆಯುತ್ತಾರೆ. ಪತಿ ನಬೀಸಾಬರು ಮದುವೆಗಳಿಗೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಸ್ಟುಡಿಯೊದ ಒಳಗಿನ ಕೆಲಸ ಇವರ ಪಾಲಿಗೆ ಬಂತು. ಈಗ ನಬೀಸಾಬರ ಮೊಣಕಾಲು ಸೋತಿವೆ, ಅವರು ಬಾಗಿಲ ಬಳಿ ಕುಳಿತು ಫೋಟೊಗಳಿಗೆ ಕಟ್ಟು ಹಾಕುತ್ತಾರೆ ಮತ್ತು ಬಂದವರಿಗೆಲ್ಲ ಕಾಯಲು ಹೇಳುತ್ತಾರೆ. ಪರಪುರುಷರ ಎದುರು ಕೂಡಲು ಹಿಂಜರಿಯುವ ಹೆಂಗಸರು, ಬುರ್ಖಾದವರಾಗಲಿ ಸೆರಗಿನವರಾಗಲಿ, ಹಸೀನಾಬೀಯ ಮುಂದೆ ನಿರಾಳವಾಗಿ ಕೂಡುತ್ತಾರೆ. ಗಂಡಸರಿಗಾಗಿ ಮೊಳೆಯಲ್ಲೊಂದು ಕರಿಯ ಕೋಟು ತೂಗುತ್ತಿರುತ್ತದೆ. ಮುಂಭಾಗದಿಂದ ಅದು ವಕೀಲರನ್ನೂ ನಾಚಿಸುವ ಕೋಟು. ಬೆನ್ನಿನ ಕಡೆ ಬಟ್ಟೆಯೇ ಇಲ್ಲ. ಹೊಸದು ತರಬಾರದೆ ಎಂದು ನಾನೊಮ್ಮೆ ಕೇಳಿದೆ. "ಕ್ಯಾಮೆರಾ ಬೆನ್ನ ನೋಡೂದಿಲ್ರೀ ಸರ," ಎಂದರು.

ಲಿಂಗಸುಗೂರಿನ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಅವರಿಗೆ ಗಂಟುಬಿದ್ದದ್ದು ಅಕ್ಷರದ ದೆಸೆಯಿಂದ. ನನ್ನ ಕೈಬರಹವನ್ನು ಓದಿ ಬೆರಳಚ್ಚಿಸುವ ಸಾಹಸಿಗಳು ಮೂರು ತಾಲ್ಲೂಕುಗಳಲ್ಲಿ ಬೇರೆ ಯಾರೂ ಸಿಗಲಿಲ್ಲ. ನನ್ನ ಪ್ರಬಂಧಗಳೆಲ್ಲ ಅವರ ಹಳೆಯ ಕಂಪ್ಯೂಟರಿನಲ್ಲಿ ಮದುವೆಯ ಆಲ್ಬಮುಗಳ ಪಕ್ಕದಲ್ಲಿ ವಾಸವಾಗಿದ್ದವು. ಮುದ್ರಕರಿಗೆ ಕೊಡುವ ಹೊತ್ತಿಗೆ ಒಮ್ಮೆಲೇ ಒಯ್ದರಾಯಿತೆಂದು ನಾನು ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಬೆರಳಚ್ಚಾದ ಮೇಲೆ ನನ್ನ ಹಾಳೆಗಳನ್ನು ಮೊಮ್ಮಕ್ಕಳು ದೋಣಿ ಮಾಡಿ ಕಾಲುವೆಗೆ ಬಿಟ್ಟಿದ್ದರು.

ಹಸೀನಾಬೀ ಏನನ್ನೂ ಅಳಿಸುವವರಲ್ಲ. ಕಣ್ಣು ಮುಚ್ಚಿದ ಚಿತ್ರ, ಅಲುಗಾಡಿದ ಚಿತ್ರ, ನಡುವೆ ಆಡು ನುಗ್ಗಿದ ಚಿತ್ರ, ಎಲ್ಲಕ್ಕೂ ಅವರದು ಒಂದೇ ತೀರ್ಪು: "ಇರ್ಲಿ." ಅಷ್ಟೇ ಆಗಿದ್ದರೆ ಸರಿಯಿತ್ತು. ಬಹಳ ಹಿಂದೆ ಯಾರೋ ಮೆಕ್ಯಾನಿಕ್ ಆ ಕಂಪ್ಯೂಟರನ್ನು ಸಿ, ಡಿ, ಇ ಎಂದು ಮೂರು ಭಾಗ ಮಾಡಿಕೊಟ್ಟು, ಒಂದು ಹೋದರೂ ಮತ್ತೊಂದು ಇರುತ್ತದೆ ಎಂದು ಹೇಳಿ ಹೋಗಿದ್ದನಂತೆ. ಅಂದಿನಿಂದ ಪ್ರತಿ ಶುಕ್ರವಾರ ಅಂಗಡಿ ತೆರೆದ ಕೂಡಲೇ ಹೊಸ ಫೋಟೊಗಳನ್ನೆಲ್ಲ ಮೂರೂ ಕಡೆಗೆ ಹಾಕುವುದು ಅವರ ನೇಮ. ಬೀಜದ ಜೋಳವನ್ನು ಒಂದೇ ಗಡಿಗೆಯಲ್ಲಿ ಇಡದ ಮನೆತನದ ಹೆಣ್ಣುಮಗಳು ಅವರು. ಆ ಕೆಲಸ ಮುಗಿದ ಮೇಲೆ ಅವರ ಮುಖದಲ್ಲಿ ಕಾಣುವ ನಿಶ್ಚಿಂತೆಯನ್ನು ನಾನು ಎಷ್ಟೋ ಶುಕ್ರವಾರ ಕುಳಿತು ನೋಡಿದ್ದೇನೆ, ನೋಡಿ ನಾನೂ ನಿಶ್ಚಿಂತನಾಗಿದ್ದೇನೆ.

ಈ ನಿಶ್ಚಿಂತೆಗೆ ಕುತ್ತು ಬಂದದ್ದು ದುರುಗೇಶ ಬಂದ ದಿನ. ಬಳಗಾನೂರಿನ ಈತ ಸಿಂಧನೂರಿನಲ್ಲಿ ಲೈನ್‌ಮನ್. ಊರಿನಲ್ಲಿ ಹೊಸ ಮನೆ ಕಟ್ಟಿಸಿದ್ದ. ಗೋಡೆಗೆ ತಾಯಿಯ ಫೋಟೊ ಬೇಕಾಗಿತ್ತು. ತಾಯಿ ಮುದುಕಮ್ಮ ತೀರಿಕೊಂಡದ್ದು ಕೈಗೊಂದು ಫೋನು ಬರುವ ಮೊದಲು. ಗದ್ದೆಯಲ್ಲಿ ನಾಟಿ ಮಾಡಿ ಮಾಡಿಯೇ ಮಗನನ್ನು ಓದಿಸಿದ ಆಕೆ ಜನ್ಮದಲ್ಲಿ ಒಂದೇ ಸಲ, ಪಿಂಚಣಿಯ ಅರ್ಜಿಗಾಗಿ, ಹಸೀನಾಬೀಯ ಮುಂದೆ ಕುಳಿತಿದ್ದಳು. ಕೊಟ್ಟ ಪ್ರತಿಗಳೆಲ್ಲ ಅರ್ಜಿಗಳ ಜೊತೆಗೇ ಹೋಗಿದ್ದವು.

"ಕಣ್ಣು ಮುಚ್ಚಿದ್ರ ಅವ್ವನ ದನಿ ಕೇಳ್ತದ್ರೀ," ಎಂದ ದುರುಗೇಶ. "ಮುಖ ಮಾತ್ರ ಪೂರಾ ಬರವಲ್ದು."

"ಅದಾಳ ಬಾರಪಾ, ಮೂರ ಕಡೆ ಅದಾಳ," ಎಂದು ಹಸೀನಾಬೀ ಕಂಪ್ಯೂಟರಿನ ಗುಂಡಿ ಒತ್ತಿದರು. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದರು, ಮತ್ತೆ ಅದೇ ಸದ್ದು. ನಬೀಸಾಬರು ಮೊಳೆ ಬಡಿಯುವುದನ್ನು ನಿಲ್ಲಿಸಿದರು. ನನ್ನ ಎದೆ ಧಸಕ್ಕೆಂದಿತು, ಮುದುಕಮ್ಮನಿಗಾಗಿ ಅಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹೊಸ ಕಂಪ್ಯೂಟರ್ ಕೊಳ್ಳಿರಿ ಎಂದರು ಒಂದು ಅಂಗಡಿಯವರು. ದೊಡ್ಡ ಊರಿಗೆ ಕಳಿಸಿದರೆ ಒಳಗಿನದನ್ನು ತೆಗೆದುಕೊಡುತ್ತಾರೆ ಎಂದು ಇನ್ನೊಬ್ಬರು ಹೇಳಿದ ದರವನ್ನು ಕೇಳಿ ನಬೀಸಾಬರು ಅಷ್ಟರಲ್ಲಿ ಇನ್ನೊಂದು ಸ್ಟುಡಿಯೊ ಹಾಕಬಹುದೆಂದರು. ಬೆನ್ನಿಲ್ಲದ ಒಂದೇ ಕೋಟಿನಲ್ಲಿ ಮೂರು ತಾಲ್ಲೂಕಿನ ಗಂಡಸರನ್ನು ನಿಭಾಯಿಸಿದ ಹೆಣ್ಣಿಗೆ ಈ ಎರಡೂ ಒಗ್ಗಲಿಲ್ಲ. ದುರುಗೇಶನೇ ದಾರಿ ತೋರಿಸಿದ: ಸಿಂಧನೂರಿನಲ್ಲಿ ತನ್ನ ಪರಿಚಯದ ಅಂಬಿಕಾ ಎಂಬ ಹುಡುಗಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ, ಹಳೆಯದನ್ನು ಬಿಸಾಡಲು ಹೇಳುವವಳಲ್ಲ.

ಮರುದಿನ ನಾವು ಮೂವರು ಬಸ್ ಹತ್ತಿದೆವು. ನಬೀಸಾಬರು ಮೊಣಕಾಲನ್ನು ಬೈಯುತ್ತಲೇ ಬಂದರು. ಹಸೀನಾಬೀ ಕಂಪ್ಯೂಟರಿನ ಡಬ್ಬಿಯನ್ನು ಸ್ಟುಡಿಯೊದ ಕೋಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ರಸ್ತೆಯ ಪ್ರತಿ ಉಬ್ಬಿಗೂ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಪಕ್ಕದ ಸೀಟಿನ ಹೆಂಗಸು ಕುತೂಹಲ ತಾಳದೆ ಒಳಗೇನಿದೆ ಎಂದು ಕೇಳಿದಳು. "ಮಂದಿ ಅದಾರವಾ," ಎಂದರು ಹಸೀನಾಬೀ. ಆಕೆ ಮುಂದಿನ ನಿಲ್ದಾಣದಲ್ಲಿ ಸೀಟು ಬದಲಿಸಿದಳು.

ಅಂಬಿಕಾ ಡಿಸ್ಕನ್ನು ಬಿಚ್ಚಿ ತೆಗೆದು, ವೈರಿನ ಮೂಲಕ ತನ್ನ ಕಂಪ್ಯೂಟರಿಗೆ ಜೋಡಿಸಿ, ಅದಕ್ಕೆ ಕಿವಿಗೊಟ್ಟಳು. ಹಲವು ಸಲ ತಡವರಿಸಿ ಡಿಸ್ಕ್ ಕೊನೆಗೂ ತಿರುಗತೊಡಗಿತು.

"ಅಮ್ಮಾ, ಇದು ಇವತ್ತೊಂದಿನ ನಡೀತದೇನೋ. ಒಮ್ಮೆ ನಿಂತ್ರ ಮತ್ತ ಏಳ್ತದಂತ ನಾ ಹೇಳಾಕ ಆಗೂದಿಲ್ರೀ."

"ಹೋದ್ರ ಹೋಗ್ಲಿ ಬೇಟಿ. ಸಿ ಹೋದ್ರ ಡಿ ಐತಿ, ಡಿ ಹೋದ್ರ ಇ ಐತಿ."

ಅಂಬಿಕಾ ಹಸೀನಾಬೀಯ ಮುಖ ನೋಡಿದಳು. ಹೇಳುವುದೋ ಬೇಡವೋ ಎಂದು ಯೋಚಿಸಿದಂತಿತ್ತು. "ಮೂರೂ ಇದೊಂದರ ಒಳಗ ಅದಾವ್ರೀ ಅಮ್ಮಾ. ಒಂದ ಮನ್ಯಾಗ ಮೂರು ಖೋಲಿ ಇದ್ದಂಗ. ಮನೀನ ಬಿದ್ರ ಖೋಲಿ ಎಲ್ಲಿ ಉಳೀತಾವ?"

ಹಸೀನಾಬೀಯ ಬಲ ಹೆಗಲು ಇಳಿದದ್ದನ್ನು ನಾನು ಮೊದಲ ಸಲ ಕಂಡೆ. ಅಷ್ಟೊಂದು ಶುಕ್ರವಾರಗಳ ಶ್ರದ್ಧೆ ಒಂದು ಮಾತಿನಲ್ಲಿ ಕುಸಿದು ಕುಳಿತಿತ್ತು. ಆಗಲೇ ದುರುಗೇಶನ ಫೋನು ಬಂತು: ಆ ಬೀದಿಯ ಲೈನನ್ನು ಮಧ್ಯಾಹ್ನ ದುರಸ್ತಿಗಾಗಿ ಬಂದ್ ಮಾಡುವವರಿದ್ದಾರೆ. "ಮುಂದ ಹಾಕಾಕ ನನ್ನ ಕೈಯಾಗಿಲ್ರೀ. ಊಟದ ಹೊತ್ತಿನ ತನಕ ಹೋಗೂದಿಲ್ಲ, ಅಷ್ಟ ಹೇಳಬಲ್ಲೆ." ಅಂಗಡಿಯ ಬ್ಯಾಟರಿಯ ಮೇಲೆ ಅಂಬಿಕಾಗೆ ಭರವಸೆ ಇರಲಿಲ್ಲ. ಎಲ್ಲವನ್ನೂ ನಕಲು ಮಾಡುವಷ್ಟು ಹೊತ್ತು ಇಲ್ಲ, ಮೊದಲು ಯಾವುದು ಬೇಕು ಹೇಳಿ ಎಂದಳು.

"ಆಲ್ಬಮ್ ತಗಿ," ಎಂದರು ನಬೀಸಾಬರು. "ಮದುವಿ ಮಂದಿ ಬಾಗಲಾ ಮುರೀತಾರ."

ನಾನು ಗಂಟಲು ಸರಿಮಾಡಿಕೊಂಡು, ಪುಸ್ತಕ ಬಹಳ ಚಿಕ್ಕದು, ಕ್ಷಣದಲ್ಲಿ ಮುಗಿಯುತ್ತದೆ, ಕನ್ನಡಕ್ಕೆ ಅದರಿಂದ ಉಪಕಾರವಾಗುವ ಸಂಭವವಿದೆ ಎಂಬರ್ಥದ ಮಾತುಗಳನ್ನು ಆಡಿದೆ. ಹಸೀನಾಬೀ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಅವಸರವಿತ್ತು.

"ಸರ, ನೀವು ಅದೀರಿ, ಮತ್ತ ಬರೀತೀರಿ. ಮದುವಿ ಮಾಡ್ಕೊಂಡವರೂ ಅದಾರ, ಅವರ ಫೋನಿನ್ಯಾಗ ಬೇಕಾದಷ್ಟು ಫೋಟೊ ಅದಾವ. ಆ ಮುದುಕಮ್ಮ ಮತ್ತ ಬಂದು ಕೂಡ್ತಾಳೇನ್ರೀ?" ಅಂಬಿಕಾಗೆ ಹೇಳಿದರು: "ಪಾಸ್‌ಪೋರ್ಟ್ ಸೈಜಿನವು ಮೊದ್ಲ ತಗಿ."

ದುಡ್ಡು ಕೊಟ್ಟು ಮರೆತುಹೋದವರ, ಇನ್ನು ಒಂದು ರೂಪಾಯಿಯನ್ನೂ ತಾರದವರ ಮುಖಗಳು ಹೀಗೆ ಎಲ್ಲರಿಗಿಂತ ಮೊದಲಾದವು. ನನಗೆ ಬೇಸರವಾಯಿತು, ಬೇಸರವಾದದ್ದಕ್ಕೆ ನಾಚಿಕೆಯೂ ಆಯಿತು, ಚಹಾ ಕುಡಿದು ಎರಡನ್ನೂ ನುಂಗಿಕೊಂಡೆ. ಊರಿನ ಹೆಸರಿನಲ್ಲಿ ಜೋಡಿಸಿಟ್ಟ ಫೋಟೊಗಳು ಒಂದೊಂದಾಗಿ ದಾಟತೊಡಗಿದವು. ಜವಳಗೇರಾ ದಾಟಿತು, ತುರ್ವಿಹಾಳ ದಾಟಿತು. ಬಳಗಾನೂರಿಗೆ ಬಂದಾಗ ಎಲ್ಲ ನಿಂತಿತು. ಡಿಸ್ಕು ಟಕ್ ಟಕ್ ಎನ್ನುತ್ತ ಅಲ್ಲೇ ತಡವರಿಸಿತು. ಅಂಬಿಕಾ ಬಿಟ್ಟು ಬಿಟ್ಟು ಪ್ರಯತ್ನಿಸಿದಳು.

"ಈ ಜಾಗ ಕೆಟ್ಟೈತಿ. ಒತ್ತಾಯ ಮಾಡಿದ್ರ ಪೂರಾ ಹೋಗ್ತದ. ಬಳಗಾನೂರ ಬಿಟ್ಟು ಮುಂದ ಹೋಗ್ಬೇಕ್ರೀ."

"ಅದನ್ನ ಬಿಡಾಕ ಬಂದಿಲ್ಲ ಬೇಟಿ," ಎಂದರು ಹಸೀನಾಬೀ. ಆಮೇಲೆ ತಪ್ಪು ಮಾಡಿದ ಹುಡುಗಿಯಂತೆ ಮೆಲ್ಲಗೆ ಕೇಳಿದರು: "ಇದು ಡಿ ಅಲ್ಲ? ಇ ಒಳಗ ನೋಡಾಕ ಬರ್ತದೇನು?"

ಅಂಬಿಕಾ ಇ ತೆರೆದಳು. ಬಳಗಾನೂರು ಅಲ್ಲಿತ್ತು. ನಕಲು ಶುರುವಾಯಿತು, ನಿಲ್ಲಲಿಲ್ಲ. ಡಿಸ್ಕಿನ ಒಂದು ಭಾಗ ಸವೆದಿತ್ತು, ಅದೇ ಫೋಟೊಗಳು ಕುಳಿತಿದ್ದ ಇನ್ನೊಂದು ಭಾಗ ನೆಟ್ಟಗಿತ್ತು. ಮನೆಯೆಲ್ಲ ಬಿದ್ದಿರಲಿಲ್ಲ, ಒಂದು ಖೋಲಿ ಮಾತ್ರ ಬಿದ್ದಿತ್ತು. "ತಪ್ಪ ಮಾಡೀರಿ ಅಮ್ಮಾ," ಎಂದು ಅಂಬಿಕಾ ನಕ್ಕಳು, "ಆದ್ರ ಚಲೋ ತಪ್ಪ ಮಾಡೀರಿ." ಹಸೀನಾಬೀಯ ಹೆಗಲು ತನ್ನ ಎತ್ತರಕ್ಕೆ ಮರಳಿತು.

ಆಮೇಲೆ ಆಲ್ಬಮುಗಳೂ ದಾಟಿದವು. ನನ್ನ ಪುಸ್ತಕದ ನಡುಭಾಗದಲ್ಲಿ ಕರೆಂಟು ಹೋಯಿತು. ದುರುಗೇಶ ಮಾತಿಗೆ ತಪ್ಪುವವನಲ್ಲ. ಬ್ಯಾಟರಿ ಅಂಬಿಕಾ ಶಂಕಿಸಿದಂತೆಯೇ ಕೈಕೊಟ್ಟಿತು, ಡಿಸ್ಕು ಮತ್ತೆ ತಿರುಗಲಿಲ್ಲ. ಅರ್ಧ ಪುಸ್ತಕದೊಂದಿಗೆ ಊರಿಗೆ ಬಂದೆ. ಉಳಿದರ್ಧವನ್ನು ಈಗ ಮತ್ತೆ ಬರೆಯುತ್ತಿದ್ದೇನೆ, ಹೋದದ್ದು ಇದಕ್ಕಿಂತ ಚೆನ್ನಾಗಿತ್ತೆಂದು ಹೇಳಿಕೊಳ್ಳುವ ಸುಖ ಹೇಗೂ ಇದ್ದೇ ಇದೆ. ಈ ಬರಹವೂ ಆ ಖಾಲಿ ಜಾಗದಲ್ಲೇ ಕುಳಿತಿದೆ.

ಹಳೆಯ ಡಬ್ಬಿಗೆ ಅಂಬಿಕಾ ಅಂಗೈಯಗಲದ ಹೊಸ ಡಿಸ್ಕೊಂದನ್ನು ಹಾಕಿಕೊಟ್ಟಳು. ಒಂದು ಮದುವೆಯ ಫೋಟೊಗಳಿಗೆ ಬಂದ ಮುಂಗಡದಲ್ಲಿ ಖರ್ಚೆಲ್ಲ ಮುಗಿಯಿತು. ಅದು ಈಗ ಸದ್ದಿಲ್ಲದೆ, ನಬೀಸಾಬರು ಒಂದು ಮೊಳೆ ಬಡಿಯುವಷ್ಟರಲ್ಲಿ, ಎದ್ದು ಕೂಡುತ್ತದೆ. ಇನ್ನೊಂದು ಪ್ರತಿಗೆ, ಮುಚ್ಚಿಹೋದ ಅಂಗಡಿಯೊಂದರ ಸಿಸಿ ಕ್ಯಾಮೆರಾದ ಪೆಟ್ಟಿಗೆಯಿಂದ ತೆಗೆದ ಹಳೆಯ ಡಿಸ್ಕನ್ನು ಪರೀಕ್ಷಿಸಿ, ಅದು ಬೇರೆ ಊರಿನಲ್ಲೇ ಇರಬೇಕೆಂದು ತಾಕೀತು ಮಾಡಿ ಕೊಟ್ಟಳು. ಅದು ಲಿಂಗಸುಗೂರಿನಲ್ಲಿ, ಹಸೀನಾಬೀಯ ಮಗಳು ಅಂಜುಮಳ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇದೆ. ಮಗಳನ್ನು ನೋಡಲು ಹೋದಾಗಲೆಲ್ಲ ಹಸೀನಾಬೀ ಹೊಸ ಮುಖಗಳನ್ನು ಅದಕ್ಕೆ ಸೇರಿಸಿ ಬರುತ್ತಾರೆ. ಶುಕ್ರವಾರದ ಮೂರು ನಕಲನ್ನೂ ಬಿಟ್ಟಿಲ್ಲ. ಕೇಳಿದರೆ, "ಇರ್ಲಿ."

ಮುದುಕಮ್ಮನ ಚಿತ್ರವನ್ನು ದೊಡ್ಡದು ಮಾಡಿ, ನಬೀಸಾಬರು ಅದಕ್ಕೆ ತಮ್ಮಲ್ಲಿದ್ದ ಅತ್ಯುತ್ತಮ ಕಟ್ಟು ಹಾಕಿದ ದಿನ ನಾನೂ ಅಲ್ಲಿದ್ದೆ. ಹಸಿರು ಸೆರಗು, ಬಿಸಿಲಿಗೆ ಕಂದಿದ ಹಣೆ, ಉತ್ತರ ಹೇಳಲಿರುವ ತುಟಿ. ದುರುಗೇಶ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಅವ್ವ ಏನೋ ಅನ್ನಾಕತ್ತಾಳಲ್ರೀ."

"ನಾ ಎಲ್ಲಾರಿಗೂ ಕೇಳೂದ ಒಂದಪಾ," ಎಂದರು ಹಸೀನಾಬೀ. "ಊಟಕ್ಕ ಏನ್ ಮಾಡೀದಿ ಅಂತ ಕೇಳೀನಿ."

ದುರುಗೇಶನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ಹಂಗಾರ ಪುಂಡಿಪಲ್ಯ ಅನ್ನಾಕತ್ತಾಳ," ಎಂದ. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದ. ಹಸೀನಾಬೀ ಒಳಗೆ ಹೋಗಿ ಕೋಟನ್ನು ಸುಮ್ಮನೆ ಝಾಡಿಸಿ ಮತ್ತೆ ಮೊಳೆಗೆ ಹಾಕಿದರು.

ನಾನೂ ಪುಸ್ತಕದ ಹಿಂಬದಿಗೆಂದು ಒಂದು ಫೋಟೊ ತೆಗೆಸಿಕೊಂಡೆ. ಕೇಳುವ ಪ್ರಶ್ನೆ ಗೊತ್ತಿತ್ತು, ಗಂಭೀರ ಲೇಖಕನ ಮುಖವೊಂದನ್ನು ಮನೆಯಿಂದಲೇ ಸಿದ್ಧಮಾಡಿಕೊಂಡು ಹೋಗಿದ್ದೆ, ಆದರೂ ಆ ದನಿ ಕೇಳಿದ ಕೂಡಲೇ ಹೆಂಡತಿ ಬೆಳಗ್ಗೆ ಏನು ಮಾಡಿದ್ದಳೆಂದು ನೆನೆಯತೊಡಗಿ ಸಿಕ್ಕಿಬಿದ್ದೆ. ನಮ್ಮ ಊರುಗಳಲ್ಲಿ ಇಂಥವರು ಇದ್ದೇ ಇರುತ್ತಾರೆ. ಯಾರೂ ವಹಿಸಿಕೊಡದ ವಸ್ತುವನ್ನು ತಮ್ಮದೆಂದು ಕಾಯುತ್ತಾರೆ, ಕಾಯುವ ವಿಧಾನದಲ್ಲಿ ಒಮ್ಮೊಮ್ಮೆ ತಪ್ಪುತ್ತಾರೆ, ತಪ್ಪಿದರೂ ಕಾಯುವುದನ್ನು ಬಿಡುವುದಿಲ್ಲ. ಯಾವುದು ಮುಂದೆ ಬೇಕಾದೀತು ಎಂದು ಲೆಕ್ಕ ಹಾಕಲು ಬಾರದ್ದರಿಂದ ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ. ಬದುಕಿರುವವರಿಗೆ ಅವರು ಕಾಯಲು ಹೇಳುತ್ತಾರೆ, ತೀರಿಹೋದವರನ್ನು ಕಾಯಿಸುವುದಿಲ್ಲ. ನನ್ನ ಮುಖವೂ ಈಗ ಮಸ್ಕಿಯಲ್ಲಿ ಮೂರು ಕಡೆ, ಲಿಂಗಸುಗೂರಿನ ಟ್ರಂಕಿನಲ್ಲೊಂದು ಕಡೆ ಇದೆ. ಎಂದಾದರೊಂದು ದಿನ ನನ್ನ ಮೊಮ್ಮಕ್ಕಳು ಕೇಳಿಕೊಂಡು ಬಂದರೆ ಅಲ್ಲಿ ಸಿಗುತ್ತೇನೆ, ಊಟಕ್ಕೆ ಏನು ಎಂದು ಹೇಳಲು ಬಾಯಿ ತೆರೆಯುತ್ತ.